ದೊಡ್ಡ ಹೊಡೆತ, ಸಿಗದ ಸರದಿ: ಡೊಂಬಿವಲಿಯ ಒಂದು ಸೀಲೆ ಪ್ರಕರಣ

ಇದು ಫೋನಿನಲ್ಲಿ ಆಡುವ ಹೊಂಕಾಯ್ ಸ್ಟಾರ್ ರೇಲ್ ಎಂಬ ಆಟದ ಪ್ರಕರಣ, ಸೀಲೆ ಅದರ ಒಂದು ಪಾತ್ರ. ಆಟಗಾರನನ್ನು 'ಕ' ಎಂದು ಕರೆಯೋಣ. ಮೂವತ್ತು ದಾಟಿದ ವಯಸ್ಸು, ಊರು ಕರಾವಳಿ ಕಡೆ, ವಾಸ ಮುಂಬಯಿ ಹೊರವಲಯದ ಡೊಂಬಿವಲಿ, ಕೆಲಸ ಮುಂಬಯಿಯ ಫೋರ್ಟ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ್ದು. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ. ಆಟದ ಅಂಕಿಗಳನ್ನು ಮಾತ್ರ ಮುಟ್ಟಿಲ್ಲ, ಇಡೀ ಪ್ರಕರಣ ನಿಂತಿರುವುದೇ ಅವುಗಳ ಮೇಲೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಒಂದೇ ಷರತ್ತು: "ಬೇಕಾದ್ದು ಬರಿ, ಆ ಸ್ಕ್ರೀನ್‌ಶಾಟ್ ಮಾತ್ರ ಹಾಕ್ಬೇಡ ಮಾರಾಯ." ಆ ಸ್ಕ್ರೀನ್‌ಶಾಟ್ ಯಾವುದೆಂದು ಮುಂದೆ ಗೊತ್ತಾಗುತ್ತದೆ.

ಹಿನ್ನೆಲೆ

ಹೊಂಕಾಯ್ ಸ್ಟಾರ್ ರೇಲ್ 2023ರ ಏಪ್ರಿಲ್ 26ಕ್ಕೆ ಹೊರಬಂದದ್ದು. ನಾಲ್ವರ ತಂಡ ಕಟ್ಟಿ ಸರದಿ ಪ್ರಕಾರ ಹೊಡೆದಾಡುವುದು. ನಮ್ಮ ಸರದಿ ಬಂದಾಗ ನಾವು ಗುಂಡಿ ಒತ್ತುವವರೆಗೆ ಎದುರಾಳಿ ಕಾಯುತ್ತಾನೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುವವರಿಗೆ ಇದು ಸಣ್ಣ ಅನುಕೂಲವಲ್ಲ. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಫೋನಿಗೆ. ಠಾಣೆಯಲ್ಲಿ ನುಗ್ಗುವ ಜನಕ್ಕೆ ಮೈ ಒಡ್ಡಿ, ಬ್ಯಾಗನ್ನು ಎದೆಗೆ ಎಳೆದುಕೊಂಡು, ಮತ್ತೆ ಪರದೆ ನೋಡಿದರೆ ಆಟ ಬಿಟ್ಟಲ್ಲೇ ನಿಂತಿರುತ್ತದೆ. ಕ ಅದಕ್ಕೆ ಮೊದಲು ಆಡುತ್ತಿದ್ದ ಗುಂಡು ಹಾರಿಸುವ ಆಟಗಳಲ್ಲಿ ಘಾಟ್‌ಕೋಪರ್ ಬರುವಷ್ಟರಲ್ಲಿ ಸತ್ತು ಬಿದ್ದಿರುತ್ತಿದ್ದನಂತೆ.

ಒಂಟಿ ಕೈಯ ಆಟಕ್ಕೆ ಬೇಗ ಅಂಟುವ ಅಭ್ಯಾಸವೆಂದರೆ ಆಟೊ. ಒಂದು ಗುಂಡಿ ಒತ್ತಿದರೆ ತಂಡ ತಾನೇ ಹೊಡೆದಾಡುತ್ತದೆ. ದಿನನಿತ್ಯದ ಸುಲಭ ಕಾಳಗಗಳಿಗೆ ಅದು ಧಾರಾಳ ಸಾಕು. ಕ ತಿಂಗಳುಗಟ್ಟಲೆ ಹೀಗೇ ಆಡಿದ. ಹೀಗಾಗಿ ತನ್ನ ಪಾತ್ರಗಳ ಬಲವೆಷ್ಟು ಎಂಬುದು ಅವನಿಗೆ ಗೊತ್ತಿತ್ತು, ಅವು ಯಾವ ಕ್ರಮದಲ್ಲಿ ಓಡಾಡುತ್ತವೆ ಎಂಬುದು ಗೊತ್ತಿರಲಿಲ್ಲ.

ಅವನ ಮುಖ್ಯ ಹೊಡೆತಗಾರ್ತಿ ಸೀಲೆ. ಕ್ವಾಂಟಮ್ ಧಾತು, ಹಂಟ್ ಪಥ, ಅಂದರೆ ಒಂದೇ ಗುರಿಗೆ ಬಲವಾಗಿ ಹೊಡೆಯುವ ಬಗೆ. ಆಟ ಶುರುವಾದಾಗಿನ ಮೊದಲ ಸೀಮಿತ ಬ್ಯಾನರ್, ಅಂದರೆ ಕೆಲವು ದಿನ ಮಾತ್ರ ಒಂದು ಪಾತ್ರವನ್ನು ಮುಂದಿಟ್ಟು ನಡೆಯುವ ಲಾಟರಿ, ಅವಳದ್ದು. 2023ರ ಅಕ್ಟೋಬರ್ ಕೊನೆಗೆ ಅದು ಮರಳಿದಾಗ ಕ ಕೂಡಿಟ್ಟಿದ್ದ ಆಟದ ನಾಣ್ಯವಾದ ಜೇಡ್‌ಗಳನ್ನೆಲ್ಲ ಸುರಿದ. ಲಾಟರಿಯ ಒಂದು ಎಳೆತಕ್ಕೆ 160 ಜೇಡ್, ತೊಂಬತ್ತು ಎಳೆತದೊಳಗೆ ಒಂದು ಐದು ನಕ್ಷತ್ರದ, ಅಂದರೆ ಅತಿ ಅಪರೂಪದ, ಪಾತ್ರ ಖಾತ್ರಿ, ಆದರೆ ಅದು ನಾವು ಬಯಸಿದ್ದೇ ಆಗಬೇಕೆಂದಿಲ್ಲ. ಮೊದಲು ಬಂದದ್ದು ಬ್ರೋನ್ಯಾ. ಬೇಸರಪಟ್ಟು ಅವಳನ್ನು ಅರ್ಧ ಮಟ್ಟದಲ್ಲೇ ಮೂಲೆಗೆ ತಳ್ಳಿದ. ಒಮ್ಮೆ ತಪ್ಪಿದರೆ ಮುಂದಿನ ಐದು ನಕ್ಷತ್ರ ಬ್ಯಾನರಿನದ್ದೇ ಎಂಬ ನಿಯಮವಿದೆ. ಮುಂದಿನ ಸರ್ತಿ ಸೀಲೆ ಬಂದಳು. ಬ್ರೋನ್ಯಾ ಮೂಲೆ ಸೇರಿದ್ದನ್ನು ಓದುಗರು ನೆನಪಿಡಬೇಕು.

ತೊಡಕು

ಮೆಮೊರಿ ಆಫ್ ಕೇಯಾಸ್ ಎಂಬ ವಿಭಾಗದಲ್ಲಿ ಪ್ರತಿ ಅಂತಸ್ತಿಗೂ ಎರಡು ಅರ್ಧ, ಎರಡು ಬೇರೆ ಬೇರೆ ತಂಡ. ಕಾಳಗದ ಸಮಯ ಅಳೆಯುವುದು ಸೈಕಲ್ ಎಂಬ ಸುತ್ತುಗಳಲ್ಲಿ. ಎರಡೂ ಸೇರಿ ಹತ್ತು ಸೈಕಲ್‌ನೊಳಗೆ ಮುಗಿಸಿದರೆ ಮೂರು ನಕ್ಷತ್ರ. ಕ ಸಿಕ್ಕಿಬಿದ್ದಿದ್ದ ಅಂತಸ್ತಿನಲ್ಲಿ ಎರಡನೇ ತಂಡ ಐದು ಸೈಕಲ್‌ಗೆ ಮುಗಿಸುತ್ತಿತ್ತು. ಸೀಲೆಯ ತಂಡಕ್ಕೆ ಒಂಬತ್ತು ಬೇಕಾಗುತ್ತಿತ್ತು. ವಿಚಿತ್ರವೆಂದರೆ ಎದುರಿಗಿದ್ದ ಬಾಸ್ ಮತ್ತು ಅದರ ಜತೆಯ ಸಣ್ಣ ಶತ್ರುಗಳೆಲ್ಲ ಕ್ವಾಂಟಮ್‌ಗೆ ಬಗ್ಗುವಂಥವೇ. ಸೀಲೆಗೆ ಹೇಳಿ ಮಾಡಿಸಿದ ಅರ್ಧ ಅದು.

ಕ ತನ್ನ ಸೀಲೆ ದುರ್ಬಲಳಲ್ಲ ಎಂದು ನಂಬಿದ್ದ. ಪುರಾವೆಯೂ ಇತ್ತು: ಶಕ್ತಿ ತುಂಬಿದಾಗ ಹಾಕುವ ದೊಡ್ಡ ಹೊಡೆತ, ಅಂದರೆ ಅಲ್ಟಿಮೇಟ್, ಒಂದರಲ್ಲಿ ಎಪ್ಪತ್ತು ಸಾವಿರ ದಾಟಿದ ಡ್ಯಾಮೇಜ್‌ನ ಸ್ಕ್ರೀನ್‌ಶಾಟ್. ಲೋಕಲ್‌ನಲ್ಲಿ ಪಕ್ಕದವರಿಗೂ, ಊರಿನ ಗೆಳೆಯರಿಗೂ ಅದನ್ನು ತೋರಿಸಿದ್ದ. ಆದ್ದರಿಂದ ಕೊರತೆ ಇರುವುದು ಇನ್ನಷ್ಟು ದೊಡ್ಡ ಅಂಕಿಯದ್ದೇ ಎಂದು ತೀರ್ಮಾನಿಸಿದ. ಈ ಪ್ರಕರಣದ ಎಲ್ಲ ಅಡ್ಡದಾರಿಗಳೂ ಆ ಒಂದು ತೀರ್ಮಾನದಿಂದ ಹೊರಟವು.

ಆಗಿನ ಅವಳ ಅಂಕಿಗಳು: ಕ್ರಿಟ್ ರೇಟ್ (ಹೊಡೆತ ಹಿಗ್ಗುವ ಸಂಭವ) ಶೇ. 38, ಕ್ರಿಟ್ ಡ್ಯಾಮೇಜ್ (ಹಿಗ್ಗಿದಾಗ ಕೂಡುವ ಪಾಲು) ಶೇ. 190, ವೇಗ 118. ರೆಲಿಕ್ ಎಂಬ ತೊಡುಗೆಗಳ ಪೈಕಿ ಬಾಡಿಯಲ್ಲಿ ಕ್ರಿಟ್ ಡ್ಯಾಮೇಜ್, ಬೂಟಿನಲ್ಲಿ ಅಟ್ಯಾಕ್, ರೋಪಿನಲ್ಲೂ ಅಟ್ಯಾಕ್, ಸ್ಫಿಯರ್‌ನಲ್ಲಿ ಕ್ವಾಂಟಮ್. ಪಾತ್ರಕ್ಕೆ ಜೋಡಿಸುವ ಲೈಟ್ ಕೋನ್ ಎಂಬ ಸಾಧನ, ಆಟದೊಳಗಿನ ಹೆರ್ಟಾ ಅಂಗಡಿಯಲ್ಲಿ ಸಿಗುವ ಕ್ರೂಸಿಂಗ್ ಇನ್ ದ ಸ್ಟೆಲ್ಲರ್ ಸೀ. ಮೈಮೇಲೆ ಜೀನಿಯಸ್ ಸೆಟ್‌ನ ನಾಲ್ಕು ತುಂಡು, ರೂಟಿಲಂಟ್ ಅರೀನಾದ ಎರಡು. ಕೇಳಿದವರು ಭೇಷ್ ಎನ್ನುವ ಅಂಕಿಗಳೇ. ಆದರೆ ಶೇ. 38 ಎಂದರೆ ಹತ್ತರಲ್ಲಿ ಆರು ಹೊಡೆತಕ್ಕೆ ಕ್ರಿಟ್ ಬೀಳುವುದಿಲ್ಲ. ಕ್ರಿಟ್ ಇಲ್ಲದ ಹೊಡೆತ ಆ ಸ್ಕ್ರೀನ್‌ಶಾಟಿನ ಅಂಕಿಯ ಮೂರನೇ ಒಂದು ಪಾಲಿನಷ್ಟೇ. ಆ ಆರು ಹೊಡೆತಗಳ ಸ್ಕ್ರೀನ್‌ಶಾಟ್ ಯಾರೂ ತೆಗೆಯುವುದಿಲ್ಲ.

ಮಾಡಿ ನೋಡಿದ್ದು

ಮೊದಲನೆಯದು ರೆಲಿಕ್ ಬೇಟೆ. ಟ್ರೇಲ್‌ಬ್ಲೇಜ್ ಪವರ್ ಎಂಬ ಆಟದ ಇಂಧನ ಆರು ನಿಮಿಷಕ್ಕೊಂದರಂತೆ ತುಂಬುತ್ತದೆ, ದಿನಕ್ಕೆ 240. ರೆಲಿಕ್ ಸಿಗುವ ಗುಹೆಯ ಒಂದು ಸುತ್ತಿಗೆ 40 ಹೋಗುತ್ತದೆ, ಅಂದರೆ ದಿನಕ್ಕೆ ಆರು ಸುತ್ತು. ಬಂದ ತುಂಡನ್ನು ಹದಿನೈದನೇ ಮಟ್ಟಕ್ಕೆ ಏರಿಸುವಾಗ ಮೂರು ಮಟ್ಟಕ್ಕೊಮ್ಮೆ ಯಾವುದೋ ಒಂದು ಸಬ್ ಸ್ಟ್ಯಾಟ್ (ಉಪಗುಣ) ಬೆಳೆಯುತ್ತದೆ, ಯಾವುದು ಎಂಬುದು ಅದೃಷ್ಟ. ಕ್ರಿಟ್‌ಗೆ ಕಾದರೆ ಡಿಫೆನ್ಸ್ ಬೆಳೆಯುತ್ತದೆ. ವಾರಗಟ್ಟಲೆ ಇದೇ ಆಯಿತು. ಸಿಕ್ಕ ಅಲ್ಪಸ್ವಲ್ಪ ಕ್ರಿಟ್ ಡ್ಯಾಮೇಜ್‌ನಿಂದ ಸ್ಕ್ರೀನ್‌ಶಾಟಿನ ಅಂಕಿ ಒಂದಿಷ್ಟು ಮೇಲೇರಿತು, ಸೈಕಲ್ ಮಾತ್ರ ಒಂಬತ್ತರಿಂದ ಇಳಿಯಲಿಲ್ಲ. ಬ್ರೋನ್ಯಾಳನ್ನು ಬೆಳೆಸಲು ಬೇಕಾದ ಪವರ್ ಕೂಡ ಇದೇ ಗುಂಡಿಗೆ ಬಿತ್ತು. ಆಟದಲ್ಲಿ ನಿಜವಾಗಿ ಮಿತವಾಗಿರುವುದು ಜೇಡ್‌ಗಿಂತ ಈ 240 ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಸೀಲೆಯದೇ ವಿಶೇಷ ಲೈಟ್ ಕೋನ್ ಇನ್ ದ ನೈಟ್‌ನ ಆಸೆ. ಅದು ಶೇ. 18 ಕ್ರಿಟ್ ರೇಟ್ ಕೊಡುತ್ತದೆ. ಜೇಡ್ ಖಾಲಿಯಾಗಿತ್ತು, ಹಾಗಾಗಿ ಕ ಕಾರ್ಡ್ ತೆಗೆಯುವ ಹಂತಕ್ಕೆ ಬಂದಿದ್ದ. ದೀಪಾವಳಿಯ ಹಣ ಕೈಗೆ ಬಂದಿತ್ತು, ಮನೆಯ ಕಂತಿನ ದಿನವೂ ಎದುರಿಗಿತ್ತು. ಅಂದು ಅವನನ್ನು ತಡೆದದ್ದು ಹೆಂಡತಿಯೂ ಅಲ್ಲ, ವಿವೇಕವೂ ಅಲ್ಲ. ಮನೆಯಲ್ಲೇ ಇದ್ದುಕೊಂಡು ಮುಲುಂಡ್‌ನ ಕಾಲೇಜಿಗೆ ಹೋಗುವ ಅಕ್ಕನ ಮಗಳು. ಅವಳೂ ಇದೇ ಆಟ ಆಡುತ್ತಾಳೆ, ಮಾವನಿಗಿಂತ ಕಡಿಮೆ ಹೊತ್ತು, ಹೆಚ್ಚು ಓದಿಕೊಂಡು.

ಫೋನ್ ತೆಗೆದುಕೊಂಡು ಆ ಕೋನಿನ ವಿವರಣೆಯನ್ನು ಕೊನೆವರೆಗೆ ಓದಿದಳು. ನೂರು ದಾಟಿದ ಪ್ರತಿ ಹತ್ತು ವೇಗಕ್ಕೆ ಬೇಸಿಕ್ (ಸಾದಾ ಹೊಡೆತ) ಮತ್ತು ಸ್ಕಿಲ್ (ವಿಶೇಷ ಹೊಡೆತ) ಡ್ಯಾಮೇಜ್ ಶೇ. 6, ಅಲ್ಟಿಮೇಟಿನ ಕ್ರಿಟ್ ಡ್ಯಾಮೇಜ್ ಶೇ. 12, ಗರಿಷ್ಠ ಆರು ಪದರ.

"ಮಾವ, ನಿಮ್ಮ ಸೀಲೆಯ ಸ್ಪೀಡ್ ಎಷ್ಟು ಉಂಟು?"

"ನೂರ ಹದಿನೆಂಟು."

"ಹಾಗಾದ್ರೆ ಮೊದಲ ಹೊಡೆತಕ್ಕೆ ಸಿಗುದು ಒಂದೇ ಪದರ. ಸ್ಕಿಲ್ ಹಾಕಿದ ಮೇಲೆ ನಾಲ್ಕು. ದುಡ್ಡು ಕೊಟ್ಟು ತಗೊಂಡು ಆರು ತುಂಬಿಸ್ಲಿಕ್ಕೆ ಆಗುದಿಲ್ಲ ಅಂದ್ರೆ ಎಂತ ಪ್ರಯೋಜನ?"

ನನ್ನ ಲೆಕ್ಕದಲ್ಲಿ ಪ್ರಕರಣದ ಮೊದಲ ತಿರುವು ಇದು. ಕೋನ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಅಲ್ಲಿ ನಡೆಯಲಿಲ್ಲ. ಅದು ಒಳ್ಳೆಯದೇ. ಆದರೆ ಆ ಪಾತ್ರವನ್ನು ರೂಪಿಸಿದವರು ಅವಳಿಂದ ನಿರೀಕ್ಷಿಸಿದ್ದು ವೇಗ ಎಂಬುದು ಕೋನಿನ ವಿವರಣೆಯಲ್ಲೇ ಬರೆದಿತ್ತು. ಸೀಲೆಯ ಮೂಲ ವೇಗವೇ 115, ಸ್ಕಿಲ್ ಬಳಸಿದರೆ ಎರಡು ಸರದಿಯ ಮಟ್ಟಿಗೆ ಅದರ ಶೇ. 25 ಕೂಡುತ್ತದೆ. ಕ ಅವಳಿಗೆ ಅಟ್ಯಾಕ್ ಬೂಟು ತೊಡಿಸಿ ಆ ಗುಣವನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದ. ಕಾರ್ಡ್ ಮತ್ತೆ ಪಾಕೀಟಿಗೆ ಹೋಯಿತು.

ಮೂರನೆಯದು ಬ್ರೋನ್ಯಾ. ಅವಳ ಸ್ಕಿಲ್ ಒಬ್ಬ ಜತೆಗಾರನ ಸರದಿಯನ್ನು ಕೂಡಲೇ ಮುಂದಕ್ಕೆ ಎಳೆದು ತರುತ್ತದೆ, ಜತೆಗೆ ಆ ಸರದಿಗೆ ಡ್ಯಾಮೇಜ್ ಹೆಚ್ಚಿಸುತ್ತದೆ, ಹತ್ತನೇ ಮಟ್ಟದಲ್ಲಿ ಶೇ. 66. ಸೀಲೆಗೆ ಸರದಿ ಬೇಕಿದ್ದರೆ ಸರದಿ ಕೊಡುವವಳು ಮನೆಯಲ್ಲೇ ಇದ್ದಾಳಲ್ಲ ಎಂದು ಹುಡುಗಿ ಹೇಳಿದ ಮೇಲೆ ಕ ಉತ್ಸಾಹದಿಂದ ಬ್ರೋನ್ಯಾಳನ್ನು ಬೆಳೆಸಿದ. ತಂಡ ಹೀಗಾಯಿತು: ಸೀಲೆ, ಬ್ರೋನ್ಯಾ, ಬಲ ತುಂಬಲು ಟಿಂಗ್‌ಯುನ್, ಗುಣಪಡಿಸಲು ನತಾಶಾ. ಮತ್ತೆ ಲೋಕಲ್‌ನಲ್ಲಿ, ಮತ್ತೆ ಆಟೊ. ಒಂಬತ್ತು ಇದ್ದದ್ದು ಹತ್ತಾಯಿತು.

ಬಲವಾದ ಪಾತ್ರ ಬಂದ ಮೇಲೆ ಫಲಿತಾಂಶ ಕೆಟ್ಟದ್ದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕದೆ ಅವನು ಬ್ರೋನ್ಯಾಳನ್ನು ಮತ್ತೆ ಮೂಲೆಗೆ ಹಾಕುವವನಿದ್ದ. ಉಳಿಸಿದ್ದು ಸೆಂಟ್ರಲ್ ಲೈನಿನ ಒಂದು ಭಾನುವಾರದ ಮೆಗಾಬ್ಲಾಕ್, ಅಂದರೆ ದುರಸ್ತಿಗೆಂದು ಗಾಡಿಗಳನ್ನು ತಡೆಯುವ ಹೊತ್ತು. ಮಾಟುಂಗದಲ್ಲಿ ಸಂಬಂಧಿಕರ ಒಂದು ಕಾರ್ಯಕ್ರಮವಿತ್ತು. ಗಾಡಿಗಳ ಅವಸ್ಥೆ ನೋಡಿ ಮನೆಯವರೆಲ್ಲ ಹೋಗುವುದನ್ನೇ ಬಿಟ್ಟರು. ಕ ಮೊದಲ ಬಾರಿಗೆ ಎರಡೂ ಕೈ ಬಿಡುವಾಗಿರುವಾಗ, ಮೇಜಿನ ಮೇಲೆ ಕಾಗದ ಇಟ್ಟುಕೊಂಡು, ಆಟೊ ಬಿಟ್ಟು ಆಡಿದ.

ಕಾಗದದ ಮೇಲಿನ ಲೆಕ್ಕ

ಈ ಭಾಗವನ್ನು ನಿಧಾನವಾಗಿ ಬರೆಯುತ್ತೇನೆ, ಬೇರೆಯವರಿಗೆ ಉಪಯೋಗಕ್ಕೆ ಬರುವುದು ಇದೇ.

ಆಟದೊಳಗೆ ಸರದಿ ಬರುವುದು ಸರಳ ಭಾಗಾಕಾರದಿಂದ. 10,000ವನ್ನು ವೇಗದಿಂದ ಭಾಗಿಸಿದರೆ ಬರುವುದು ಆ ಪಾತ್ರ ಕಾಯಬೇಕಾದ ದೂರ. ಮೊದಲ ಸೈಕಲ್‌ನ ಉದ್ದ 150, ನಂತರದವು 100. ವೇಗ 118 ಇದ್ದರೆ ಮೊದಲ ಸರದಿ 84.7ಕ್ಕೆ. ಸ್ಕಿಲ್ ಬಳಸಿದ ಮೇಲೆ ವೇಗ 146.75, ಮುಂದಿನ ಸರದಿಗೆ ಇನ್ನೂ 68.1 ಬೇಕು. ಕೂಡಿದರೆ 152.9. ಅಂದರೆ ಮೊದಲ ಸೈಕಲ್ ಮುಗಿದ ಮೂರು ಹೆಜ್ಜೆಯ ಮೇಲೆ ಅವಳ ಎರಡನೇ ಸರದಿ. ಪ್ರತಿ ಕಾಳಗದಲ್ಲೂ ಇಷ್ಟರಲ್ಲೇ ತಪ್ಪಿಹೋಗುತ್ತಿತ್ತು.

ವೇಗದ ಬೂಟು ಪೂರ್ತಿ ಬೆಳೆದಾಗ 25 ಕೊಡುತ್ತದೆ. ವೇಗ 143ಕ್ಕೆ ಏರಿದರೆ ಮೊದಲ ಸರದಿ 69.9ಕ್ಕೆ, ಸ್ಕಿಲ್ ನಂತರದ ಎರಡನೆಯದು 128.2ಕ್ಕೆ. ಎರಡೂ ಮೊದಲ ಸೈಕಲ್‌ನೊಳಗೆ. ಇದೇ ಲೆಕ್ಕವನ್ನು 550ರವರೆಗೆ, ಅಂದರೆ ಐದು ಸೈಕಲ್‌ವರೆಗೆ ಎಳೆದರೆ ಹಳೆಯ ಬೂಟಿನಲ್ಲಿ ಏಳು ಸರದಿ, ಹೊಸದರಲ್ಲಿ ಒಂಬತ್ತು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅಟ್ಯಾಕ್ ಬೂಟಿನ ಶೇ. 43.2 ಹೋಗುತ್ತದೆ, ಅವನ ಸೀಲೆಯ ಮಟ್ಟಿಗೆ ಒಂದೊಂದು ಹೊಡೆತ ಸುಮಾರು ಆರರಲ್ಲಿ ಒಂದು ಪಾಲು ಚಿಕ್ಕದಾಗುತ್ತದೆ. ಗುಣಿಸಿ ನೋಡಿದರೆ ಬರೀ ಬೂಟಿನಿಂದ ಉಳಿಯುವ ಲಾಭ ಶೇ. 6-7ರ ಆಸುಪಾಸು ಮಾತ್ರ. ಬೂಟು ಬದಲಿಸಿ ಒಮ್ಮೆ ಹೊಡೆದು ನೋಡಿದ ಕ, ಅಂಕಿ ಇಳಿದದ್ದು ಕಂಡು ಹಳೆಯದನ್ನೇ ಹಾಕಲು ಹೊರಟ.

"ಎಂತ ಮಾವ, ಎಪ್ಪತ್ತು ಸಾವಿರ ಹೊಡ್ದು ಎಂತ ಮಾಡುದು? ಸಿಕ್ಸರ್ ಹೊಡಿಯುವವ ನಾನ್-ಸ್ಟ್ರೈಕರ್ ತುದಿಯಲ್ಲೇ ನಿಂತ್ರೆ ರನ್ ಆಗುದಿಲ್ಲ ಅಲ್ವಾ" ಎಂದಳು ಹುಡುಗಿ. ಆಮೇಲೆ ಬ್ರೋನ್ಯಾಳ ವೇಗ ಕೇಳಿದಳು.

ಬ್ರೋನ್ಯಾಳ ಮೂಲ ವೇಗ 99. ಅವಳಿಗೆ ಕ ವೇಗದ ಬೂಟನ್ನೇ ಹಾಕಿದ್ದ, ಸಬ್ ಸ್ಟ್ಯಾಟ್ ಸೇರಿ 130 ಆಗಿತ್ತು. ಅವಳ ಸರದಿ 76.9ಕ್ಕೆ. ಸೀಲೆಯದು 84.7ಕ್ಕೆ. ಅಂದರೆ ಇನ್ನು ಎಂಟು ಹೆಜ್ಜೆಯಲ್ಲಿ ತಾನೇ ಬರಲಿದ್ದ ಸೀಲೆಯನ್ನು ಬ್ರೋನ್ಯಾ ಒಂದು ಸ್ಕಿಲ್ ಪಾಯಿಂಟ್ ಖರ್ಚು ಮಾಡಿ ಎಳೆದು ತರುತ್ತಿದ್ದಳು. ಎಳೆದ ಮೇಲೆ ಸೀಲೆಯ ಕಾಯುವ ದೂರ ಮತ್ತೆ ಮೊದಲಿನಿಂದ ಶುರು. ಇಡೀ ಮೊದಲ ಎಳೆತಕ್ಕೆ ಸಿಕ್ಕ ಲಾಭ ಎಂಟು ಹೆಜ್ಜೆ.

ಈಗ ಸೀಲೆಗೆ ವೇಗದ ಬೂಟು ತೊಡಿಸಿದರೆ ಏನಾಗುತ್ತದೆ ನೋಡಿ. ಸೀಲೆ 69.9ಕ್ಕೆ ಹೊಡೆಯುತ್ತಾಳೆ. 76.9ಕ್ಕೆ ಬ್ರೋನ್ಯಾ ಅವಳನ್ನು ಮತ್ತೆ ಎಳೆಯುತ್ತಾಳೆ, ಆಗಷ್ಟೇ ಹೊಡೆದು ಹಿಂದಕ್ಕೆ ಹೋದವಳನ್ನು. ಅಲ್ಲಿಂದ 58.2 ಕಳೆದು 135ಕ್ಕೆ ಅವಳದೇ ಮೂರನೆಯ ಸರದಿ. ಮೊದಲ ಸೈಕಲ್‌ನಲ್ಲೇ ಮೂರು. ಬೂಟು ಒಂದನ್ನೇ ತೂಗಿದಾಗ ಕಂಡ ಆ ಶೇ. 6-7 ಹಾಗಾಗಿ ದಾರಿ ತಪ್ಪಿಸುವ ಅಂಕಿ. ಬೂಟಿನ ನಿಜವಾದ ಬೆಲೆ ಇರುವುದು ಬ್ರೋನ್ಯಾಳ ಎಳೆತ ವ್ಯರ್ಥವಾಗದಂತೆ ಕ್ರಮವನ್ನು ತಿರುಗಿಸಿದ್ದರಲ್ಲಿ. ಹೊಡೆಯುವವಳು ಮೊದಲು, ಎಳೆಯುವವಳು ಅವಳ ಬೆನ್ನಿಗೆ. ಪ್ರಕರಣದ ಎರಡನೇ ತಿರುವು ಇದು, ಮತ್ತು ಎಲ್ಲಕ್ಕಿಂತ ದೊಡ್ಡದು.

ಬಾಡಿಯ ವಿಷಯ ಬೇಗ ಮುಗಿಯುತ್ತದೆ. ಕ್ರಿಟ್ ಡ್ಯಾಮೇಜ್ ಬಾಡಿ ತೆಗೆದು ಕ್ರಿಟ್ ರೇಟ್ ಬಾಡಿ ಹಾಕಿದರೆ ಶೇ. 64.8 ಹೋಗಿ ಶೇ. 32.4 ಬರುತ್ತದೆ. 38 ಇದ್ದದ್ದು 70ಕ್ಕೆ ಏರಿತು, 190 ಇದ್ದದ್ದು 125ಕ್ಕೆ ಇಳಿಯಿತು. ಸರಾಸರಿ ನೋಡಿದರೆ 1.72ರಿಂದ 1.88, ಅಂದರೆ ಶೇ. 9ರಷ್ಟು ಲಾಭ. ಜತೆಗೆ ರೂಟಿಲಂಟ್ ಅರೀನಾದ ಎರಡನೇ ಗುಣ ಕೆಲಸ ಮಾಡುವುದು ಕ್ರಿಟ್ ರೇಟ್ 70 ಮುಟ್ಟಿದ ಮೇಲೆ: ಬೇಸಿಕ್ ಮತ್ತು ಸ್ಕಿಲ್‌ಗೆ ಶೇ. 20. ತಿಂಗಳುಗಳಿಂದ ಆ ಸೆಟ್ ತೊಟ್ಟಿದ್ದರೂ ಇದು ಒಮ್ಮೆಯೂ ಎದ್ದಿರಲಿಲ್ಲ. ಇಲ್ಲೊಂದು ಎಚ್ಚರ. ಆ 20, ಸ್ಫಿಯರ್‌ನ 38.8 ಮತ್ತು ಜೀನಿಯಸ್ ಸೆಟ್‌ನ 10ರ ಜತೆ ಒಂದೇ ಚೀಲಕ್ಕೆ ಕೂಡುತ್ತದೆ, ಗುಣಿಸುವುದಿಲ್ಲ. 1.488 ಇದ್ದದ್ದು 1.688 ಆಯಿತು, ಅಂದರೆ ನಿಜವಾದ ಏರಿಕೆ ಶೇ. 13. ಬ್ರೋನ್ಯಾಳ 66 ಕೂಡ ಅದೇ ಚೀಲಕ್ಕೆ, ಆಗ ಇನ್ನೂ ಕಡಿಮೆ. ಬಿಟ್ಟಿ ಸಿಗುವ 13 ಬೇಡವೆನ್ನುವವರಿಲ್ಲ, ಆದರೆ ವಿವರಣೆಯ ಶೇಕಡಾವಾರು ಹಾಗೇ ಹೊಡೆತಕ್ಕೆ ಸೇರುತ್ತದೆಂದು ನಂಬಿ ಪವರ್ ಸುರಿಯುವುದು ಬೇಡ.

ಬೂಟು, ಬಾಡಿ ಬದಲಾದ ಮೇಲೆ ಅದೇ ಅರ್ಧವನ್ನು ಕೈಯಲ್ಲೇ ಆಡಿದಾಗ ಹತ್ತಾಗಿದ್ದದ್ದು ಏಳಾಯಿತು. ಅಲ್ಲಿ ಮತ್ತೆ ನಿಂತಿತು, ಕಾರಣ ಬೇರೆ.

ಸ್ಕಿಲ್ ಪಾಯಿಂಟ್

ಪಾಯಿಂಟ್‌ಗಳ ಡಬ್ಬಿ ನಾಲ್ವರಿಗೂ ಸೇರಿ ಒಂದೇ. ಗರಿಷ್ಠ ಐದು, ಕಾಳಗ ಶುರುವಾಗುವಾಗ ಮೂರು. ಸ್ಕಿಲ್ ಒಂದನ್ನು ತಿನ್ನುತ್ತದೆ, ಬೇಸಿಕ್ ಒಂದನ್ನು ಕೊಡುತ್ತದೆ. ಕ ಕಟ್ಟಿದ್ದ ತಂಡದಲ್ಲಿ ತಿನ್ನುವವರೇ ನಾಲ್ವರು. ಟಿಂಗ್‌ಯುನ್ ಸೀಲೆಗೆ ಹರಸುವುದಕ್ಕೆ ಒಂದು, ಸೀಲೆಗೆ ಒಂದು, ಬ್ರೋನ್ಯಾಳಿಗೆ ಒಂದು. ಮೂರೂ ಮುಗಿದವು. ಎಳೆದು ತಂದ ಸೀಲೆ ಬೇಸಿಕ್ ಹೊಡೆದು ಒಂದು ಗಳಿಸಿದರೆ ನತಾಶಾ ಗುಣಪಡಿಸಲು ಅದನ್ನು ಕಬಳಿಸುತ್ತಾಳೆ. ಎರಡನೇ ಸುತ್ತಿನಲ್ಲಿ ಟಿಂಗ್‌ಯುನ್ ಗಳಿಸಿಕೊಟ್ಟ ಒಂದು ಸೀಲೆಗೆ ಹೋದರೆ ಬ್ರೋನ್ಯಾ ಬರಿಗೈ. ಎಳೆಯುವವಳಿಗೇ ಎಳೆಯಲು ಪಾಯಿಂಟ್ ಇಲ್ಲ.

ಪಾಯಿಂಟ್ ಗಳಿಸಿಕೊಡುವ ಇಬ್ಬರು ಬೇಕಿತ್ತು. ಟಿಂಗ್‌ಯುನ್ ಬದಲಿಗೆ ಹಾಕಲು ಕನ ಬಳಿ ಪೇಲಾ ಇದ್ದಳು, ನಾಲ್ಕು ನಕ್ಷತ್ರದವಳು ಎಂದು ಅವಳತ್ತ ತಿರುಗಿ ನೋಡಿರಲಿಲ್ಲ. ಅವಳ ಅಲ್ಟಿಮೇಟ್ ಎದುರಿನ ಎಲ್ಲರ ಡಿಫೆನ್ಸನ್ನು ಹತ್ತನೇ ಮಟ್ಟದಲ್ಲಿ ಶೇ. 40 ಇಳಿಸುತ್ತದೆ. ಉಳಿದ ಹೊತ್ತು ಬೇಸಿಕ್ ಹೊಡೆಯುತ್ತ ಕೂತರೂ ಅವಳ ಕೆಲಸ ನಡೆಯುತ್ತದೆ. ರಕ್ಷಣೆಗೆ ನತಾಶಾ ಬದಲು ಗೆಪಾರ್ಡ್, ಶುರುವಿನ ಹೊಸಬರ ಬ್ಯಾನರಿನಲ್ಲಿ ಸಿಕ್ಕಿದ್ದವನು. ಅವನ ಕವಚ ಬರುವುದು ಅಲ್ಟಿಮೇಟ್‌ನಿಂದ, ಹಾಗಾಗಿ ಅವನೂ ಬೇಸಿಕ್ ಹೊಡೆದುಕೊಂಡಿರಬಹುದು. ಈಗ ಒಂದು ಸುತ್ತಿನಲ್ಲಿ ಇಬ್ಬರು ಎರಡು ಗಳಿಸುತ್ತಾರೆ. ಸೀಲೆ ಎರಡೂ ಸರದಿಯಲ್ಲಿ ಸ್ಕಿಲ್ ಬಳಸಿದರೆ ಸುತ್ತಿಗೆ ಒಂದು ಕೊರತೆ, ಒಂದರಲ್ಲಿ ಬೇಸಿಕ್ ಹೊಡೆದರೆ ಒಂದು ಉಳಿತಾಯ. ಸೀಲೆಗೆ ಬೇಸಿಕ್ ನಷ್ಟವಲ್ಲ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಅವಳ ಟ್ರೇಸ್ (ಪಾತ್ರ ಬೆಳೆಸಿದಾಗ ತೆರೆಯುವ ಗುಣ) ಒಂದು, ಬೇಸಿಕ್ ಹೊಡೆದ ಮೇಲೆ ಮುಂದಿನ ಸರದಿಯನ್ನು ಶೇ. 20 ಹತ್ತಿರ ತರುತ್ತದೆ.

ಏಳು ಆರಾಯಿತು. ಟಿಂಗ್‌ಯುನ್ ಹೋದದ್ದರಿಂದ ಸ್ಕ್ರೀನ್‌ಶಾಟಿನ ಅಂಕಿ ಮತ್ತಷ್ಟು ಕುಗ್ಗಿತು, ಹಾಗೆಂದು ಕ ಆಗ ಗೊಣಗಲಿಲ್ಲ.

ಯಾರನ್ನು ಮೊದಲು ಕೊಲ್ಲಬೇಕು

ಕೊನೆಯ ಒಂದು ಸೈಕಲ್ ಹೋದದ್ದು ಬೆರಳ ತುದಿಯ ನಿರ್ಧಾರದಿಂದ. ಸೀಲೆಯ ಪ್ರತಿಭೆಯ ಹೆಸರು ರಿಸರ್ಜೆನ್ಸ್. ಬೇಸಿಕ್, ಸ್ಕಿಲ್, ಅಲ್ಟಿಮೇಟ್ ಯಾವುದರಿಂದಾದರೂ ಅವಳೇ ಒಬ್ಬ ಶತ್ರುವನ್ನು ಮುಗಿಸಿದರೆ ಕೂಡಲೇ ಇನ್ನೊಂದು ಸರದಿ, ಮತ್ತು ಹತ್ತನೇ ಮಟ್ಟದಲ್ಲಿ ಡ್ಯಾಮೇಜ್ ಶೇ. 80 ಹೆಚ್ಚು. ಹಾಗೆ ಸಿಕ್ಕ ಸರದಿಯಲ್ಲಿ ಮತ್ತೊಬ್ಬನನ್ನು ಕೊಂದರೆ ಇನ್ನೊಂದು ಸಿಗುವುದಿಲ್ಲ. ಕ ಸದಾ ಬಾಸ್‌ಗೇ ಹೊಡೆಯುತ್ತಿದ್ದ. ದೊಡ್ಡದನ್ನು ಮೊದಲು ಕೆಡವಬೇಕು ಎಂಬ ಸಹಜ ಬುದ್ಧಿ. ಪಕ್ಕದ ಸಣ್ಣವು ಗೆಪಾರ್ಡ್‌ನ ಏಟಿಗೋ ಪೇಲಾಳ ಏಟಿಗೋ ಸಾಯುತ್ತಿದ್ದವು. ಅಂದರೆ ಸೀಲೆಗೆ ಸಿಗಬೇಕಿದ್ದ ಬಿಟ್ಟಿ ಸರದಿಗಳನ್ನು ಅವಳ ಜತೆಗಾರರೇ ಕಿತ್ತುಕೊಳ್ಳುತ್ತಿದ್ದರು.

ಆಡುವ ಕ್ರಮ ಬದಲಾಯಿತು. ಪೇಲಾ ಅಲ್ಟಿಮೇಟ್ ಹಾಕಿ ಎಲ್ಲರನ್ನೂ ಮೆತ್ತಗೆ ಮಾಡುತ್ತಾಳೆ. ಸಾಯುವ ಹಂತದ ಸಣ್ಣ ಶತ್ರುವನ್ನು ಬೇರೆ ಯಾರೂ ಮುಟ್ಟುವುದಿಲ್ಲ, ಅವರ ಬೇಸಿಕ್ ಬಾಸ್ ಮೇಲೆ ಹೋಗುತ್ತದೆ. ಸೀಲೆ ಬಂದು ಆ ಸಣ್ಣದನ್ನು ಸಾಧ್ಯವಿದ್ದರೆ ಬೇಸಿಕ್‌ನಲ್ಲೇ ಮುಗಿಸುತ್ತಾಳೆ: ಪಾಯಿಂಟ್ ಒಂದು ಬಂತು, ಸರದಿ ಒಂದು ಬಂತು. ಆ ಸರದಿಯ ಸ್ಕಿಲ್ ಬಾಸ್‌ಗೆ. ಅಲ್ಟಿಮೇಟನ್ನು ಸಣ್ಣದರ ಮೇಲೆ ಸುಡುವಂತಿಲ್ಲ. ಅದು ತಾನಾಗಿಯೇ ಅವಳನ್ನು ಆ ಬಲವರ್ಧಿತ ಸ್ಥಿತಿಗೆ ಒಯ್ಯುತ್ತದೆ, ಆದ್ದರಿಂದ ಅದು ಬಾಸ್‌ನ ಪಾಲು, ಅದೂ ಪೇಲಾಳ ಡಿಫೆನ್ಸ್ ಇಳಿಕೆ ಜಾರಿಯಲ್ಲಿರುವಾಗ. ಆಟೊದಲ್ಲಿ ಅಲ್ಟಿಮೇಟ್ ತುಂಬಿದ ಕೂಡಲೇ ಸಿಡಿದುಹೋಗುತ್ತದೆ, ಇಂಥ ಕಾಯುವಿಕೆ ಅದಕ್ಕೆ ಗೊತ್ತಿಲ್ಲ.

ಸಂಜೆ ಹೊತ್ತಿಗೆ ಸೀಲೆಯ ಅರ್ಧ ಐದು ಸೈಕಲ್‌ಗೆ ಮುಗಿಯಿತು. ಎರಡನೇ ಅರ್ಧದ ಐದು ಸೇರಿ ಸರಿಯಾಗಿ ಹತ್ತು. ಮೂರನೇ ನಕ್ಷತ್ರ ಹತ್ತಿಕೊಂಡಾಗ ಅವನು ಕೂಗಿದ ಕೂಗಿಗೆ ಅಡುಗೆಮನೆಯಿಂದ ತನ್ನ ಅತ್ತೆ, ಅಂದರೆ ಕನ ಹೆಂಡತಿ, ಓಡಿ ಬಂದರು ಎಂದು ಹುಡುಗಿ ಹೇಳುತ್ತಾಳೆ. ಕ ಇದನ್ನು ಒಪ್ಪುವುದಿಲ್ಲ.

ಆಮೇಲೆ

ಇದನ್ನು ಓದಿ ಎಲ್ಲರೂ ವೇಗದ ಬೂಟಿಗೆ ಹಾರಬೇಕಿಲ್ಲ. ಕನ ಅಂಕಿಗಳಲ್ಲಿ ಅದು ಕೆಲಸ ಮಾಡಿದ್ದು ಬ್ರೋನ್ಯಾ 130ರಲ್ಲಿ ನಿಂತಿದ್ದರಿಂದ. ಇನ್ನೊಬ್ಬರ ಬ್ರೋನ್ಯಾ 150ರಲ್ಲಿದ್ದರೆ ಸೀಲೆಯ 143 ಮತ್ತೆ ಅವಳ ಹಿಂದೆ ಬೀಳುತ್ತದೆ, ಹಳೆಯ ತೊಡಕೇ ಹೊಸ ಬೂಟಿನಲ್ಲಿ ಮರಳುತ್ತದೆ. ಆಗ ಬ್ರೋನ್ಯಾಳ ವೇಗವನ್ನೇ ಇಳಿಸುವುದು ಸರಿ. ಒಳ್ಳೆಯ ತುಂಡು ಕಳಚಿ ಕಡಿಮೆಯದನ್ನು ಹಾಕಲು ಕೈ ಬರುವುದಿಲ್ಲ, ಆದರೂ.

ಇನ್ನೊಂದು ಮಿತಿ ಬೇಗನೆ ಕಣ್ಣಿಗೆ ಬಿತ್ತು. ಮುಂದಿನ ಬಾರಿ ಮೆಮೊರಿ ಆಫ್ ಕೇಯಾಸ್ ಬದಲಾದಾಗ ಅವನಿಗೆ ಎದುರಾದದ್ದು ಕ್ವಾಂಟಮ್‌ಗೆ ಬಗ್ಗದ, ಜತೆಗಾರರಿಲ್ಲದ ಒಂಟಿ ಬಾಸ್. ಮೆಟ್ಟಿಲಾಗಿ ಬಳಸಲು ಸಣ್ಣ ಶತ್ರುವಿಲ್ಲ, ಹಾಗಾಗಿ ರಿಸರ್ಜೆನ್ಸ್ ಇಲ್ಲ. ಕ್ವಾಂಟಮ್ ದೌರ್ಬಲ್ಯವಿಲ್ಲದ್ದರಿಂದ ಜೀನಿಯಸ್ ಸೆಟ್ ದಾಟುವ ಡಿಫೆನ್ಸ್ ಶೇ. 20ರಿಂದ 10ಕ್ಕೆ ಇಳಿಯಿತು. ಬಾಸ್‌ನ ಗಡಸುತನದ ಪಟ್ಟಿಯನ್ನು ಒಡೆಯುವುದು ಬೇರೆಯವರ ಕೆಲಸವಾಯಿತು, ಅದು ಒಡೆಯುವವರೆಗೆ ಎಲ್ಲ ಹೊಡೆತವೂ ಶೇ. 10 ಕಡಿಮೆ. ಅದೇ ಸೀಲೆ, ಅದೇ ವೇಗ, ಅದೇ ಬ್ರೋನ್ಯಾ, ಎಂಟು ಸೈಕಲ್. ಕ ಇದನ್ನು ಸೋಲೆಂದು ತೆಗೆದುಕೊಂಡು ಮತ್ತೆ ರೆಲಿಕ್ ಗುಹೆಗೆ ಹೊರಟಿದ್ದ. ಹುಡುಗಿ ಸೀಲೆಯನ್ನು ಎರಡನೇ ಅರ್ಧಕ್ಕೆ ಕಳಿಸಿ ನೋಡಲು ಹೇಳಿದಳು. ಅಲ್ಲಿ ಅಲೆ ಅಲೆಯಾಗಿ ಬರುವ ಸಣ್ಣ ಶತ್ರುಗಳಿದ್ದರು, ಕೆಲಸ ಸುಲಭವಾಯಿತು. ಮೊದಲ ಅರ್ಧಕ್ಕೆ ಬೇರೊಬ್ಬ ಹೊಡೆತಗಾರ ಬೇಕು. ಕೋನಿಗೆ ಹೋಗಬೇಕಿದ್ದ ದುಡ್ಡು ಉಳಿದದ್ದಂತೂ ಉಳಿದಿದೆ, ಆ ಹೊಡೆತಗಾರನಿಗಾಗಿ ಈಗ ಜೇಡ್ ಮಾತ್ರ ಕೂಡಿಸುತ್ತಿದ್ದಾನೆ.

ಲೋಕಲ್‌ನಲ್ಲಿ ಆಟೊ ಬಿಟ್ಟಿಲ್ಲ, ಬಿಡುವ ಅಗತ್ಯವೂ ಇಲ್ಲ. ಗುಹೆ, ದಿನನಿತ್ಯದ ಕೆಲಸಗಳು ರೈಲಿನಲ್ಲಿ. ಕೇಯಾಸ್ ಮಾತ್ರ ಮನೆಗೆ ಬಂದ ಮೇಲೆ, ಎರಡೂ ಕೈಯಲ್ಲಿ. ಕಾಳಗ ಶುರುವಾದ ಕೂಡಲೇ ಪರದೆಯ ಎಡಬದಿಯಲ್ಲಿ ಕಾಣುವ ಸರದಿಯ ಪಟ್ಟಿಯನ್ನು ನೋಡುತ್ತಾನೆ. ಬ್ರೋನ್ಯಾಳ ಮುಖ ಸೀಲೆಯ ಮುಖದ ಕೆಳಗಿರಬೇಕು. ಮೇಲಿದ್ದರೆ ಹೊಡೆಯುವ ಮೊದಲೇ ಹೊರಬಂದು ಬೂಟು ನೋಡುತ್ತಾನೆ.